ಎಪ್ಪತ್ತಾರನೆಯ ಹೆಸರು

ನಮ್ಮ ಕೆಮಿಸ್ಟ್ರಿ ಮೇಷ್ಟ್ರ ಮುಖದಲ್ಲಿ ಮೊದಲು ಕಾಣುತ್ತಿದ್ದದ್ದು ಮೂಗು. ಉದ್ದನೆಯ, ನೆಟ್ಟಗಿನ, ತುದಿಯಲ್ಲಿ ಸ್ವಲ್ಪವೇ ಬಾಗಿದ ಮೂಗು. ಕನ್ನಡಕ ಕೂತು ಕೂತು ಅದರ ಎರಡೂ ಬದಿಗೆ ಕೆಂಪು ಗುಳಿ ಬಿದ್ದಿದ್ದವು. ಮುಖ ಸಣ್ಣದು, ಆಳೂ ಸಣ್ಣವರು. ಬೇರೆ ಯಾರಿಗೋ ಅಂತ ಮಾಡಿಟ್ಟಿದ್ದ ಮೂಗನ್ನು ಅವಸರದಲ್ಲಿ ಇವರಿಗೆ ಅಂಟಿಸಿ ಕಳಿಸಿದ ಹಾಗಿತ್ತು. ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಸಿಲ್ವರ್ ನೈಟ್ರೇಟ್ ತಾಗಿ ಕಪ್ಪಾಗಿದ್ದವು. ಪಾಠದ ನಡುವೆ ಏನಾದರೂ ಮರೆತರೆ ಆ ಕಪ್ಪು ಬೆರಳುಗಳಿಂದ ಮೂಗಿನ ಗುಳಿಗಳನ್ನು ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ಮರೆತದ್ದು ನೆನಪಾಗುತ್ತಿತ್ತು.

ನಾನು ಹೇಳುತ್ತಿರುವುದು ಎಂಬತ್ತರ ದಶಕದ ಮಾತು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಪಿಯುಸಿ ಓದಿದವಳು ನಾನು. ಸೈನ್ಸ್ ಸೀಟು ಸಿಕ್ಕಿದ್ದು ಅಲ್ಲಿ. ಮಗಳನ್ನು ಅಷ್ಟು ದೂರ ಕಳಿಸುವುದೋ ಬೇಡವೋ ಎಂದು ಅಬ್ಬಾ ಯೋಚನೆ ಮಾಡಿ ಮುಗಿಸುವ ಹೊತ್ತಿಗೆ ಕಾಲೇಜು ಶುರುವಾಗಿ ಹತ್ತು ದಿನ ಕಳೆದಿತ್ತು. ಹಾಗಾಗಿ ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಬಾಲದ ಕಡೆ ಸೇರಿತು. ಎಂಬತ್ತೆರಡು ಜನರ ಕ್ಲಾಸಿನಲ್ಲಿ ನನ್ನ ನಂಬರು ಎಪ್ಪತ್ತಾರು.

ಬೇರೆ ಮೇಷ್ಟ್ರುಗಳಿಗೆ ನಂಬರು ಬರೀ ನಂಬರು. ಇವರಿಗೆ ಹಾಗಲ್ಲ. ಮೂಲವಸ್ತುಗಳಿಗೆಲ್ಲ ಒಂದೊಂದು ಕ್ರಮಸಂಖ್ಯೆ ಇದೆಯಲ್ಲ, ಅದನ್ನೇ ನಮ್ಮ ಹಾಜರಿ ನಂಬರಿಗೆ ಹೊಂದಿಸಿಬಿಟ್ಟಿದ್ದರು. ಒಂದನೆಯವನು ಹೈಡ್ರೋಜನ್, ಎಂಟನೆಯವಳು ಆಕ್ಸಿಜನ್, ಇಪ್ಪತ್ತಾರು ಕಬ್ಬಿಣ, ಕೊನೆಯವನು ಸೀಸ. ಹಾಜರಿ ಕರೆಯುವುದೂ ಹಾಗೆಯೇ. “ಕಾರ್ಬನ್?” ಎಂದರೆ ಮುಂದಿನ ಬೆಂಚಿನಿಂದ “ಪ್ರೆಸೆಂಟ್ ಸರ್” ಎಂದು ಬರಬೇಕು. ಚಿನ್ನದ ನಂಬರು ಸಿಕ್ಕಿದ್ದ ಹುಡುಗ ಎರಡು ಟೆಸ್ಟಿನಲ್ಲಿ ಡುಮ್ಕಿ ಹೊಡೆದಾಗ, “ಏನಪ್ಪಾ ಚಿನ್ನ, ನಿನಗೂ ತುಕ್ಕು ಹಿಡಿಯುತ್ತೆ ಅಂತ ನನಗೆ ಗೊತ್ತಿರಲಿಲ್ಲವಲ್ಲೋ” ಎಂದು ಬೆನ್ನು ತಟ್ಟಿದ್ದರು.

ಪಾಠ ಮುಗಿದ ಮೇಲೆ, ಗಂಟೆ ಹೊಡೆಯುವ ಮುಂಚೆ, ದಿನಕ್ಕೊಂದು ಹೆಸರಿನ ಕಥೆ. ಒಂದರಿಂದ ಶುರುಮಾಡಿ ಸಾಲಾಗಿ. ಆ ಮೂಲವಸ್ತುವಿಗೆ ಆ ಹೆಸರು ಯಾಕೆ ಬಂತು ಎಂದು ಐದು ನಿಮಿಷ ಹೇಳಿ, ಆ ನಂಬರಿನವರನ್ನು ಎಬ್ಬಿಸಿ ನಿಲ್ಲಿಸಿ, ಎಲ್ಲರಿಗೂ ತೋರಿಸಿ ಕೂರಿಸುತ್ತಿದ್ದರು. ದಸರಾ ರಜೆ ಮುಗಿದ ಮೇಲೆ ನಲವತ್ತನ್ನು ದಾಟಿತು. ನಲವತ್ತನಾಲ್ಕು ರುಥೇನಿಯಂ, ಅದಕ್ಕೆ ರಷ್ಯಾ ದೇಶದ ಹಳೆಯ ಹೆಸರು. ನಲವತ್ತಾರು ಪಲ್ಲಾಡಿಯಂ, ಅದಕ್ಕೆ ಆಗಷ್ಟೇ ಆಕಾಶದಲ್ಲಿ ಕಂಡುಹಿಡಿದಿದ್ದ ಒಂದು ಪುಟ್ಟ ಗ್ರಹದ ಹೆಸರು. ಇವೆರಡರ ನಡುವೆ ನಲವತ್ತೈದು, ರೋಡಿಯಂ. ಅದರ ಲವಣಗಳು ಗುಲಾಬಿ ಬಣ್ಣದವು, ಹಾಗಾಗಿ ಗ್ರೀಕ್ ಭಾಷೆಯ ಗುಲಾಬಿಯಿಂದ ಅದಕ್ಕೆ ಆ ಹೆಸರು. ಆ ನಂಬರಿನವನು ಮುರುಗಮಲ್ಲದಿಂದ ಬರುತ್ತಿದ್ದ ಆರಡಿ ಎತ್ತರದ, ಮೀಸೆ ಬಂದಿದ್ದ ಹುಡುಗ. ಅವತ್ತಿನಿಂದ ಅವನು ಗುಲಾಬಿ. ಅವನ ಮದುವೆಯಲ್ಲೂ ನಾವು ಹಾಗೇ ಕರೆದು ಹೆಣ್ಣಿನ ಕಡೆಯವರನ್ನು ಗಾಬರಿಪಡಿಸಿದೆವು.

“ಈ ಮೂರು ಜನ ಒಂದೇ ಮನೆಯವರು,” ಎಂದು ಮೇಷ್ಟ್ರು ಅವತ್ತು ಹೇಳಿದರು. “ಪ್ಲಾಟಿನಂ ಮನೆತನ. ಎಲ್ಲರೂ ಅಪರೂಪದವರು. ಸುಲಭಕ್ಕೆ ಯಾರ ಜೊತೆಗೂ ಬೆರೆಯಲ್ಲ. ನೆಲದೊಳಗೆ ಸಿಗೋದೂ ಒಟ್ಟಿಗೇ. ಆ ಮನೆಯ ಇನ್ನೂ ಮೂರು ಜನ ಕೊನೇ ಬೆಂಚಲ್ಲಿದ್ದಾರೆ. ಎಪ್ಪತ್ತಾರು, ಎಪ್ಪತ್ತೇಳು, ಎಪ್ಪತ್ತೆಂಟು.”

ಎಲ್ಲರೂ ತಿರುಗಿ ನಮ್ಮನ್ನು ನೋಡಿದರು. ಎಪ್ಪತ್ತೇಳು ನನ್ನ ಪಕ್ಕದಲ್ಲೇ ಕೂರುತ್ತಿದ್ದಳು, ಕೈವಾರದ ಕಡೆಯ ಪೋಸ್ಟ್‌ಮ್ಯಾನ್ ಮಗಳು. ಅವಳು ನನ್ನ ತೊಡೆ ಚಿವುಟಿದಳು. ಅವತ್ತಿನಿಂದ ನಾನು ನನ್ನ ಹೆಸರಿಗೆ ಕಾಯತೊಡಗಿದೆ. ಪುಸ್ತಕದ ಹಿಂದಿನ ಪಟ್ಟಿಯಲ್ಲಿ ‘ಆಸ್ಮಿಯಂ’ ಎಂದು ಮಾತ್ರ ಇತ್ತು. ಲೈಬ್ರರಿಯಲ್ಲಿ ಹುಡುಕಬಹುದಿತ್ತು. ಹಬ್ಬದ ಬಟ್ಟೆಯನ್ನು ಹಬ್ಬಕ್ಕೆ ಮೊದಲೇ ತೊಟ್ಟು ನೋಡಿದ ಹಾಗಾಗುತ್ತದೆ ಎಂದು ಹುಡುಕಲಿಲ್ಲ. ಬಸ್ಸಿನಲ್ಲಿ ಕೂತು ಊಹಿಸುತ್ತಿದ್ದೆ. ಯಾವುದೋ ನದಿ ಇರಬಹುದು. ನಕ್ಷತ್ರ ಇರಬಹುದು.

ಮೇಷ್ಟ್ರ ಇನ್ನೊಂದು ಅಭ್ಯಾಸ ಲ್ಯಾಬಿನದು. ಯಾವ ಉಪ್ಪು ಕೊಟ್ಟರೂ, “ಮೊದಲು ಮೂಗು, ಆಮೇಲೆ ಪುಸ್ತಕ” ಎನ್ನುತ್ತಿದ್ದರು. ಪ್ರನಾಳವನ್ನು ಮೂಗಿನ ಬುಡಕ್ಕೆ ಹಿಡಿದರೆ ಬೈಗುಳ. ದೂರ ಹಿಡಿದು, ಅಂಗೈಯಿಂದ ಗಾಳಿಯನ್ನು ಮೂಗಿನ ಕಡೆ ಮೆಲ್ಲಗೆ ಕರೆಯಬೇಕು, ಅಂಬೆಗಾಲಿಡುವ ಮಗುವನ್ನು ಕರೆದ ಹಾಗೆ. ಆದರೆ ಅವರು ಮಾತ್ರ ಎಂದೂ ಕರೆಯುತ್ತಿರಲಿಲ್ಲ. “ಏನು ವಾಸನೆ?” ಎಂದು ನಮ್ಮನ್ನೇ ಕೇಳುತ್ತಿದ್ದರು. “ವಿನಿಗರ್ ಸರ್” ಎಂದರೆ, “ಬರ್ಕೋ” ಎಂದು ಮುಂದೆ ಹೋಗುತ್ತಿದ್ದರು. ಒಮ್ಮೆ ಗ್ಯಾಸು ತಯಾರಿಸುವ ಕಿಪ್ಸ್ ಉಪಕರಣದ ನಲ್ಲಿಯನ್ನು ಯಾರೋ ತೆರೆದೇ ಬಿಟ್ಟಿದ್ದರು. ಕೊಳೆತ ಮೊಟ್ಟೆಯ ನಾತ ಇಡೀ ಲ್ಯಾಬನ್ನು ತುಂಬಿ ನಾವೆಲ್ಲ ಮೂಗು ಮುಚ್ಚಿಕೊಂಡು ಹೊರಗೆ ಓಡಿದರೆ, ಮೇಷ್ಟ್ರು ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತಲೇ ಇದ್ದರು. ಅಟೆಂಡರ್ ಒಳಗೆ ನುಗ್ಗಿ ಕೈ ಹಿಡಿದು ಎಳೆದುಕೊಂಡು ಬರಬೇಕಾಯಿತು. ಪಾಠದಲ್ಲಿ ಎಷ್ಟು ಮುಳುಗಿಹೋಗುತ್ತಾರಪ್ಪ ಎಂದು ನಾವು ಬೆರಗಾದೆವು.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ವಾಸನೆಯ ಬಗ್ಗೆಯೂ ಹೇಳಬೇಕು. ನಮ್ಮದು ರೇಷ್ಮೆಯ ರೀಲಿಂಗ್ ಮನೆ. ಹಿತ್ತಲಿನ ಶೆಡ್ಡಿನಲ್ಲಿ ಆರು ಬೇಸಿನ್‌ಗಳಲ್ಲಿ ದಿನವಿಡೀ ಗೂಡು ಬೇಯುತ್ತಿತ್ತು. ನೂಲು ಹೊರಗೆ ಬರುತ್ತಿತ್ತು, ಒಳಗಿನ ಹುಳ ನೀರಿನಲ್ಲಿ ಉಳಿಯುತ್ತಿತ್ತು. ಬೆಂದ ಹುಳದ ಆ ವಾಸನೆ ಗೋಡೆಗೆ, ಹಾಸಿಗೆಗೆ, ತಲೆಗೂದಲಿಗೆ ಹತ್ತುತ್ತದೆ. ಶಿಡ್ಲಘಟ್ಟದಲ್ಲಿ ಅರ್ಧ ಊರಿಗೆ ಅದೇ ವಾಸನೆ, ಆದ್ದರಿಂದ ಯಾರಿಗೂ ಇಲ್ಲ. ಬಸ್ಸು ಊರು ದಾಟಿದ ಮೇಲೆ ಅದು ನನ್ನೊಬ್ಬಳದಾಗುತ್ತಿತ್ತು. ಸೀಗೆಕಾಯಿ ಹಾಕಿ ತಿಕ್ಕುತ್ತಿದ್ದೆ, ದುಪಟ್ಟಾಕ್ಕೆ ಲೋಬಾನದ ಹೊಗೆ ಹಿಡಿಯುತ್ತಿದ್ದೆ, ಅತ್ತರು ಹಚ್ಚುತ್ತಿದ್ದೆ. ಪಕ್ಕದಲ್ಲಿ ಕೂತ ಹೆಂಗಸರು ಎರಡು ಸ್ಟಾಪು ಆಗುವಷ್ಟರಲ್ಲಿ ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದರು. ಕ್ಲಾಸಿನಲ್ಲಿ ನನ್ನ ಮುಂದಿನ ಬೆಂಚು ಯಾವಾಗಲೂ ಖಾಲಿ. ಎಪ್ಪತ್ತೇಳು ಮಾತ್ರ ಕದಲಲಿಲ್ಲ. ನಾನು ಯಾರಿಗೂ ಏನೂ ಹೇಳುತ್ತಿರಲಿಲ್ಲ. ಕಿಟಕಿಯ ಪಕ್ಕ ಕೂರುತ್ತಿದ್ದೆ, ಅಷ್ಟೆ.

ಸಂಕ್ರಾಂತಿ ಹತ್ತಿರವಾದಾಗ ನನ್ನ ದಿನ ಬಂತು. ಅವತ್ತು ಹೊಸ ಹಸಿರು ದುಪಟ್ಟಾ ಹಾಕಿಕೊಂಡು ಹೋಗಿದ್ದೆ.

“ಎಪ್ಪತ್ತಾರು, ಆಸ್ಮಿಯಂ. ಏಳಮ್ಮ,” ಎಂದರು ಮೇಷ್ಟ್ರು. ಎದ್ದು ನಿಂತೆ. “ಪ್ಲಾಟಿನಂ ಅದಿರನ್ನ ಆಮ್ಲದಲ್ಲಿ ಕರಗಿಸಿದಾಗ ತಳದಲ್ಲಿ ಒಂಚೂರು ಕಪ್ಪು ಮಡ್ಡಿ ಉಳೀತಿತ್ತು. ಅದರೊಳಗೆ ಸಿಕ್ಕಿದ ಲೋಹ ಇದು. ಅದನ್ನ ಬೇರೆ ಮಾಡ್ತಿದ್ದವರ ಮೂಗಿಗೆ ಜೋರು ಘಾಟು ಬಡೀತು. ಅದಕ್ಕೇ ಗ್ರೀಕ್‌ನಲ್ಲಿ ವಾಸನೆಗೆ ಏನಂತಾರೋ ಆ ಮಾತಿಂದಲೇ ಹೆಸರಿಟ್ಟರು. ಆಸ್ಮಿಯಂ ಅಂದ್ರೆ ವಾಸನೆ. ನೋಡಿ, ನಮ್ಮ ಎಪ್ಪತ್ತಾರು ಅಂದ್ರೆ ವಾಸನೆ!”

ಹುಡುಗರ ಕಡೆಯಿಂದ ಒಂದು ದನಿ, “ಕರೆಕ್ಟಾಗೇ ಇಟ್ಟಿದಾರೆ ಸರ್” ಎಂದಿತು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಒಬ್ಬ ಮೂಗು ಹಿಡಿದುಕೊಂಡು ಬೆಂಚಿನ ಕೆಳಗೆ ಜಾರಿದ. ನನ್ನ ಎದೆ ಒಡೆದದ್ದು ಅವರ ನಗುವಿಗಲ್ಲ. ಮೇಷ್ಟ್ರೂ ನಗುತ್ತಿದ್ದರು. ಮುಖ ಅರಳಿಸಿಕೊಂಡು, “ನೋಡಿದ್ರಾ, ಹೆಸರಿನ ಕಥೆ ಅಂದ್ರೆ ಎಷ್ಟು ಮಜಾ!” ಎನ್ನುತ್ತಿದ್ದರು. ಆಗ ಗಂಟೆ ಹೊಡೆಯಿತು.

ನಾನು ಮರುದಿನ ಕಾಲೇಜಿಗೆ ಹೋಗಲಿಲ್ಲ. ಅದರ ಮರುದಿನವೂ. ಮೊದಲು ಹೊಟ್ಟೆನೋವು ಎಂದೆ, ಆಮೇಲೆ ಓದು ತಲೆಗೆ ಹತ್ತುತ್ತಿಲ್ಲ ಎಂದೆ, ಒಂದು ವಾರವಾದ ಮೇಲೆ ಇನ್ನು ಹೋಗುವುದೇ ಇಲ್ಲ ಎಂದೆ. ಏನಾಯಿತೆಂದು ಅಬ್ಬಾನಿಗೆ ಹೇಗೆ ಹೇಳುವುದು? ಆ ಶೆಡ್ಡಿನ ಅನ್ನವನ್ನೇ ನಾವೆಲ್ಲ ತಿಂದು ಬೆಳೆದದ್ದು. ಸೋದರತ್ತೆ ಅಷ್ಟರಲ್ಲೇ ದೇವನಹಳ್ಳಿಯ ಕಡೆಯ ಒಂದು ಸಂಬಂಧದ ಮಾತು ತಂದಿದ್ದರು. ಅಬ್ಬಾ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಹಾಜರಿ ಕಮ್ಮಿಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಇನ್ನೊಂದು ವಾರ ಹೀಗೇ ಹೋದರೆ ನನ್ನ ಓದು ಅಲ್ಲಿಗೆ ಮುಗಿಯುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮುಗಿದರೆ ಮುಗಿಯಲಿ ಎಂದು ಹಟ ಹಿಡಿದು ಬೇಸಿನ್ ಮುಂದೆ ಕೂತೆ.

ಹತ್ತನೆಯ ದಿನ ಭಾನುವಾರ. ಶೆಡ್ಡಿನ ಬಾಗಿಲಲ್ಲಿ ಮೊದಲು ಆ ಮೂಗು ಕಾಣಿಸಿತು, ಹಿಂದೆಯೇ ಮೇಷ್ಟ್ರು. ಕೈಯಲ್ಲಿ ಬಟ್ಟೆಯ ಚೀಲ. ನಾನು ಎದ್ದು ಅಮ್ಮಿಯ ಹಿಂದೆ ಸೇರಿಕೊಂಡೆ.

“ಆಯಿಯೇ ಸಾರ್, ಆಯಿಯೇ,” ಎಂದು ಅಬ್ಬಾ ಗಾಬರಿಯಾಗಿ ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡರು. “ಮನೇಲಿ ಕೂತ್ಕೊಳಿ. ಇಲ್ಲಿ ನಿಮಗೆ ಆಗಲ್ಲ.”

“ಇಲ್ಲೇ ಚೆನ್ನಾಗಿದೆ ಸಾಹೇಬ್ರೇ,” ಎಂದು ಮೇಷ್ಟ್ರು ಕುದಿಯುತ್ತಿದ್ದ ಬೇಸಿನ್ ಪಕ್ಕದ ಸ್ಟೂಲಿನ ಮೇಲೆ ಕೂತೇಬಿಟ್ಟರು. ಹೊರಗಿನಿಂದ ಬಂದವರು ನಮ್ಮ ಶೆಡ್ಡಿನ ಹೊಸಿಲು ದಾಟುವುದೇ ಅಪರೂಪ, ದಾಟಿದರೂ ಕರ್ಚೀಫು ಮೂಗಿನ ಮೇಲೆ. ಇವರು ಬೇಸಿನ್ ಮೇಲೆ ಬಗ್ಗಿ, ಆವಿಗೆ ಕನ್ನಡಕ ಮಂಜಾದರೂ ಒರೆಸಿಕೊಳ್ಳದೆ, ನೂಲಿನ ಎಳೆ ಗೂಡಿನಿಂದ ಏಳುವುದನ್ನು ನೋಡಿದರು. ಕೊಟ್ಟ ಚಹಾವನ್ನು ಅಲ್ಲೇ ಕೂತು ಕುಡಿದರು, ನಾನ್‌ಕಟಾಯಿ ಅದ್ದಿ ತಿಂದರು.

“ನೀರಿನ ಶಾಖ ಎಷ್ಟಿಡ್ತೀರಿ?”

“ಅಳತೆ ಗಿಳತೆ ಇಲ್ಲ ಸಾರ್. ಕೈಯಲ್ಲಿ ನೋಡ್ತೀವಿ, ಮೂಗಲ್ಲಿ ನೋಡ್ತೀವಿ. ನೀರು ಬದಲಾಯಿಸೋ ಟೈಮು ಬಂತು ಅಂತ ಮೂಗೇ ಹೇಳ್ತದೆ,” ಎಂದರು ಅಬ್ಬಾ. “ಈ ಮನೇಲಿ ನಮ್ ಬೇಟೀದೇ ಮೂಗು ಎಲ್ಲಾರಿಗಿಂತ ಚುರುಕು. ಬಾಗಿಲಲ್ಲಿ ನಿಂತ್ಕೊಂಡೇ ಮೂರನೇ ಬೇಸಿನ್ ನೀರು ಕೆಟ್ಟಿದೆ ಅಂತಾಳೆ. ಹೋಗಿ ನೋಡಿದ್ರೆ ಕೆಟ್ಟಿರ್ತದೆ.” ಆಮೇಲೆ, “ಕರ್ಚೀಫ್ ಮೂಗಿಗೆ ಹಿಡೀದೆ ಇಲ್ಲಿ ಕೂತವರು ನೀವೇ ಮೊದಲು ಸಾರ್,” ಎಂದರು.

ಮೇಷ್ಟ್ರು ಲೋಟ ಕೆಳಗಿಟ್ಟರು. ಮೂಗಿನ ಗುಳಿಗಳನ್ನು ಒತ್ತಿಕೊಂಡರು. “ಅದರಲ್ಲಿ ನನ್ನ ದೊಡ್ಡಸ್ತಿಕೆ ಏನೂ ಇಲ್ಲ ಸಾಹೇಬ್ರೇ. ನನಗೆ ವಾಸನೆ ಗೊತ್ತಾಗಲ್ಲ. ಒಂಬತ್ತು ವರ್ಷ ಆಯ್ತು. ಒಂದು ಸಲ ಕೆಟ್ಟ ಜ್ವರ ಬಂತು. ಜ್ವರ ಹೋಯ್ತು, ಜೊತೇಲಿ ಇದನ್ನೂ ಕರ್ಕೊಂಡ್ ಹೋಯ್ತು.” ನಂತರ ನನ್ನ ಕಡೆ ತಿರುಗಿದರು. “ನಿನ್ನ ಪಕ್ಕದ ಹುಡುಗಿ ಬಂದು ಹೇಳಿದಳಮ್ಮ. ಅವತ್ತು ಕ್ಲಾಸು ಯಾಕೆ ನಕ್ಕಿತು ಅಂತ ನನಗೆ ಗೊತ್ತಾಗಿದ್ದು ಆವಾಗ.”

ಆಗ ಎಲ್ಲವನ್ನೂ ಅಬ್ಬಾನ ಮುಂದೆಯೇ ಹೇಳಿದರು. ಹಾಜರಿ, ನಂಬರು, ಹೆಸರು, ನಗು. ಅಬ್ಬಾ ತಲೆ ಬಗ್ಗಿಸಿ ಕೇಳಿದರು. ಅವರ ಕೈ ಮಾತ್ರ ಬೇಸಿನ್ನಿನ ಅಂಚನ್ನು ಒರೆಸುತ್ತಲೇ ಇತ್ತು.

“ಸುಳ್ಳು ಹೇಳ್ತೀರ ಸರ್,” ಎಂದೆ ನಾನು. ಹತ್ತು ದಿನದಿಂದ ಒಳಗೆ ಕುದ್ದದ್ದೆಲ್ಲ ಬಾಯಿಗೆ ಬಂದಿತ್ತು. “ಕೆಮಿಸ್ಟ್ರಿ ಮೇಷ್ಟ್ರಿಗೆ ವಾಸನೆ ಗೊತ್ತಾಗಲ್ವಾ? ಎಲ್ಲರೂ ನಕ್ಕರು ಅಂತ ನೀವೂ ನಕ್ಕಿರಿ.”

“ಕಿಪ್ಸ್ ನಲ್ಲಿ ಬಿಟ್ಟಿದ್ದ ದಿವಸ ನೆನಪಿದೆಯಾ?” ಎಂದರು.

ನೆನಪಿತ್ತು. ಕಪ್ಪು ಬೆರಳಲ್ಲಿ ಸೀಮೆಸುಣ್ಣ ಹಿಡಿದು, ಖಾಲಿ ಲ್ಯಾಬಿನಲ್ಲಿ ಬರೆಯುತ್ತಲೇ ಇದ್ದ ಬೆನ್ನು ಕಣ್ಣ ಮುಂದೆ ಬಂತು.

“ಹೆಂಡತಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಹಳಸಿದ ಹುಳಿ ಎರಡನೇ ಸಲ ಬಡಿಸ್ಕೊಂಡು ತಿಂದಾಗ ಅವಳಿಗೆ ಗೊತ್ತಾಯ್ತು,” ಎಂದು ಸಣ್ಣಗೆ ನಕ್ಕರು. “ಕಾಲೇಜಲ್ಲಿ ಹೇಳೋಕೆ ಧೈರ್ಯ ಬರಲಿಲ್ಲ. ಮೂಗಿಲ್ಲದ ಕೆಮಿಸ್ಟ್ರಿ ಮೇಷ್ಟ್ರನ್ನ ಯಾರು ಇಟ್ಕೊತಾರೆ? ಹೋಗಲಿ, ಅದು ನನ್ನ ಪಾಡು. ನಿನ್ನ ವಿಷಯಕ್ಕೆ ಬರೋಣ. ನಾನು ನಿನ್ನ ಹೆಸರು ಹೇಳಿದೆ, ಗುಣ ಹೇಳಲಿಲ್ಲ. ಗಟ್ಟಿ ಆಸ್ಮಿಯಂ ತುಂಡು ಇದೆಯಲ್ಲ, ಅದರದ್ದಲ್ಲ ಆ ವಾಸನೆ. ಪುಡಿ ಮಾಡಿ ಗಾಳಿಗೆ ಬಿಟ್ರೆ ಗಾಳಿ ಜೊತೆ ಸೇರಿ ಒಂದು ಆವಿ ಏಳುತ್ತೆ, ಅದರದ್ದು. ವಿಷ ಅದು, ಕಣ್ಣು ಕಿತ್ಕೊಳುತ್ತೆ. ಗಟ್ಟಿ ಲೋಹ ನೋಡೋಕೆ ನೀಲಿ ಛಾಯೆ ಇರೋ ಬಿಳುಪು. ಭೂಮಿ ಮೇಲೆ ಸಿಗೋ ಲೋಹದಲ್ಲೆಲ್ಲ ಅಷ್ಟು ಭಾರದ್ದು ಇನ್ನೊಂದಿಲ್ಲ. ಈ ಲೋಟದ ತುಂಬ ಆಸ್ಮಿಯಂ ಇದ್ರೆ, ಇಪ್ಪತ್ತೆರಡು ಲೋಟ ನೀರಿನಷ್ಟು ತೂಗುತ್ತೆ. ಗಡಸು ಅಂದ್ರೆ ಗಡಸು. ಅದು ಸೇರಿಸಿದ ಮಿಶ್ರಲೋಹದ ಕಾಳನ್ನ ಪೆನ್ನಿನ ನಿಬ್ಬಿನ ತುದಿಗೆ ಬೆಸೀತಿದ್ರು, ವರ್ಷಗಟ್ಟಲೆ ಬರೆದರೂ ಸವೀಬಾರದು ಅಂತ. ಆ ಕಪ್ಪು ಮಡ್ಡಿ ಹೇಳಿದೆನಲ್ಲ, ಅದನ್ನ ಎಷ್ಟೋ ಜನ ಪೆನ್ಸಿಲ್ ಸೀಸ ಅಂದ್ಕೊಂಡು ಚೆಲ್ಲಿದ್ರು. ಚೆಲ್ಲದೇ ಇಟ್ಕೊಂಡು ನೋಡಿದವನಿಗೆ ಇದು ಸಿಕ್ತು.”

“ಅದನ್ನ ಅವತ್ತೇ ಯಾಕೆ ಹೇಳಲಿಲ್ಲ ಸರ್?”

“ಗಂಟೆ ಹೊಡೀತಲ್ಲಮ್ಮ,” ಎಂದರು. ಆಮೇಲೆ ತಾವೇ ತಲೆ ಅಲ್ಲಾಡಿಸಿದರು. “ಇಲ್ಲ, ಅದು ನೆಪ. ಹೆಸರಿನ ಮಜಾ ನನಗೆ ಸಾಕಾಗಿತ್ತು. ತಪ್ಪಾಯ್ತು ಕಣಮ್ಮ.”

ಮೇಷ್ಟ್ರು ಎನ್ನಿಸಿಕೊಂಡವರು ಕುದಿಯುವ ಬೇಸಿನ್ ಪಕ್ಕ ಕೂತು ಹದಿನಾರು ವರ್ಷದವಳಿಗೆ ತಪ್ಪಾಯ್ತು ಎಂದದ್ದನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಅವರು ಇನ್ನೊಂದು ಮಾತು ಹೇಳಿದರು. “ಬೇಕಿದ್ರೆ ನಂಬರು ಬದಲಾಯಿಸಿ ಕೊಡ್ತೀನಿ. ಎಂಬತ್ತಮೂರು ಖಾಲಿ ಇದೆ. ಬಿಸ್ಮತ್.”

ಯೋಚಿಸಿದೆ. ಎಂಬತ್ತಮೂರಕ್ಕೆ ಓಡಿದರೂ ನನ್ನ ದುಪಟ್ಟಾ ನನ್ನ ಜೊತೆಗೇ ಬರುತ್ತದಲ್ಲ. “ಬೇಡ ಸರ್,” ಎಂದೆ.

“ಹಾಗಾದ್ರೆ ನನಗೊಂದು ಉಪಕಾರ ಮಾಡು. ಲ್ಯಾಬಿನ ಹಿಂದಿನ ಬೀರುವಿನಲ್ಲಿ ನಲವತ್ತು ಬಾಟಲಿಗಳ ಲೇಬಲ್ಲು ಗೆದ್ದಲು ತಿಂದುಬಿಟ್ಟಿದೆ. ಪ್ರಾಕ್ಟಿಕಲ್ಸ್ ಹತ್ತಿರ ಬಂತು. ಯಾವುದರಲ್ಲಿ ಏನಿದೆ ಅಂತ ವಿಂಗಡಿಸೋಕೆ ಒಂದು ಮೂಗು ಬೇಕು. ಅಟೆಂಡರ್ ಮೂಗು ಬೀಡಿಗೆ ಹೋಗಿದೆ. ಬರ್ತೀಯಾ?”

ನಾನು ಅಬ್ಬಾನನ್ನು ನೋಡಿದೆ. ಅಬ್ಬಾ ಮೇಷ್ಟ್ರನ್ನು ನೋಡುತ್ತಿದ್ದರು. “ವಾಸ್ನೇನೇ ಗೊತ್ತಾಗಲ್ಲ ಅಂದ್ಮೇಲೆ ನಿಮ್ಮ ಕರ್ಚೀಫಿಗೆ ನಾನು ಕೊಟ್ಟ ಮಾರ್ಕು ವಾಪಸ್ ಸಾರ್,” ಎಂದರು. ಮೇಷ್ಟ್ರು ಗಟ್ಟಿಯಾಗಿ ನಕ್ಕರು. ಅಬ್ಬಾನೂ ನಕ್ಕರು. ಆಮೇಲೆ ಅಬ್ಬಾನ ದನಿ ಬೇರೆಯಾಯಿತು. “ಆದ್ರೂ ಬಂದ್ರಲ್ಲ ಸಾರ್, ಇಷ್ಟು ದೂರ. ನಾಳೆ ಬೇಟಿ ಬರ್ತಾಳೆ.” ಪಕ್ಕದಲ್ಲಿ ಅಮ್ಮಿ ಮೂಗು ಸೊರ್ ಎನ್ನಿಸಿದ್ದು ಕೇಳಿಸಿತು. ಸೋದರತ್ತೆಯ ಆ ಸಂಬಂಧದ ಮಾತು ಅವತ್ತಿಗೆ ನಿಂತಿತು.

ಸೋಮವಾರ ಹಾಜರಿಯಲ್ಲಿ “ಆಸ್ಮಿಯಂ?” ಎಂದಾಗ ಎದ್ದು, “ಪ್ರೆಸೆಂಟ್ ಸರ್,” ಎಂದೆ. ಹುಡುಗರ ಕಡೆಯಿಂದ ಯಾರೋ ಕಿಸಕ್ಕೆಂದರು. ಮೇಷ್ಟ್ರು ಹಾಜರಿ ಪುಸ್ತಕ ಮುಚ್ಚಿದರು.

“ನಗೋರೆಲ್ಲ ನಕ್ಕು ಮುಗಿಸಿ. ಆಮೇಲೆ ಕೇಳಿ,” ಎಂದರು. “ನನಗೆ ಒಂಬತ್ತು ವರ್ಷದಿಂದ ಯಾವ ವಾಸನೆಯೂ ಗೊತ್ತಾಗಲ್ಲ. ನಿಮಗೆ ಮೊದಲು ಮೂಗು ಅಂತ ಹೇಳಿಕೊಡೋ ನಾನು ನಿಮ್ಮ ಮೂಗಿನ ಮೇಲೆ ಬದುಕ್ತಿದೀನಿ. ಇನ್ನು ಮೇಲೆ ಈ ಲ್ಯಾಬಲ್ಲಿ ವಾಸನೆ ಹೇಳಬೇಕಾದೋರು ಎಪ್ಪತ್ತಾರು. ಅವಳು ಹೇಳಿದ್ದನ್ನ ನಾನೂ ಬರ್ಕೋತೀನಿ, ನೀವೂ ಬರ್ಕೊಳಿ.” ನಂತರ ಆಸ್ಮಿಯಂನ ಗುಣಗಳನ್ನೆಲ್ಲ ಹೇಳಿದರು. ನಕ್ಕವನು ಯಾರು ಎಂದು ಕೇಳಲಿಲ್ಲ. ಅವತ್ತು ಎಪ್ಪತ್ತೇಳರ ಕಥೆಯನ್ನೂ ಮುಗಿಸಿದರು. ನಾನಿಲ್ಲದಾಗ ಅವಳು ತನ್ನ ಹೆಸರು ಕೇಳಿಸಿಕೊಳ್ಳಲು ಒಪ್ಪಿರಲಿಲ್ಲವಂತೆ. ಇರಿಡಿಯಂ, ಕಾಮನಬಿಲ್ಲು. ಅದೇ ಕಪ್ಪು ಮಡ್ಡಿಯಲ್ಲಿ ನನ್ನ ಜೊತೆಗೇ ಸಿಕ್ಕಿದ ಲೋಹ.

ಎರಡು ಮಧ್ಯಾಹ್ನ ಆ ಬೀರುವಿನ ಮುಂದೆ ಕೂತು ಬಾಟಲಿಗಳನ್ನು ವಿಂಗಡಿಸಿದೆವು. ಮುಚ್ಚಳ ತೆಗೆದು ದೂರ ಹಿಡಿದು ಅವರು ಅಂಗೈ ಬೀಸುತ್ತಿದ್ದರು, ನಾನು ಹೇಳುತ್ತಿದ್ದೆ. ಅಮೋನಿಯಾ. ಕರ್ಪೂರ. ಮದುವೆ ಮನೆಗೆ ಬಳಿದ ಸುಣ್ಣ. ವಾಸನೆಯಿಲ್ಲದವನ್ನು ಪಕ್ಕಕ್ಕಿಟ್ಟು ಆಮೇಲೆ ಪರೀಕ್ಷೆ ಮಾಡಿದೆವು. ಒಂದು ಬಾಟಲಿಗೆ, “ಸರ್, ಇದರಲ್ಲಿ ಎರಡು ಸೇರಿಕೊಂಡಿದೆ” ಎಂದೆ. ಪರೀಕ್ಷಿಸಿದರೆ ನಿಜವಾಗಿಯೂ ಎರಡಿತ್ತು. ಅವರು ನನ್ನನ್ನು ನೋಡಿದ ನೋಟ ನನಗೆ ಇವತ್ತಿಗೂ ಸಾಕು.

ಆದರೆ ಅವರಿಗೆ ಅದು ಪುಕ್ಕಟೆಯಾಗಿ ಆಗಲಿಲ್ಲ. ಹುಡುಗರು ‘ಬಂದ್ ಮೂಗು’ ಎಂದು ಹೆಸರಿಟ್ಟರು, ಅದು ಬೀದಿಯವರೆಗೂ ಹೋಯಿತು. ಪ್ರತಿ ವರ್ಷ ಬೇರೆ ಊರಿಗೆ ಪ್ರಾಕ್ಟಿಕಲ್ ಪರೀಕ್ಷಕರಾಗಿ ಹೋಗಲು ಬರುತ್ತಿದ್ದ ಪತ್ರ ಆ ವರ್ಷ ಬರಲಿಲ್ಲ, ಮುಂದೆಯೂ ಬರಲಿಲ್ಲ. ಅದು ಅವರಿಗೆ ಹೆಮ್ಮೆಯ ಕೆಲಸ, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೋಗುತ್ತಿದ್ದರಂತೆ. ಅಟೆಂಡರ್ ಬಾಯಿಂದ ಇದು ತಿಳಿದಾಗ ನಾನು ಅತ್ತುಬಿಟ್ಟೆ. “ನನ್ನಿಂದಲೇ ಆಯ್ತು ಸರ್,” ಎಂದೆ.

“ಒಂಬತ್ತು ವರ್ಷ ಮೂಗಿರೋ ಹಾಗೆ ನಾಟಕ ಆಡಿ ಸುಸ್ತಾಗಿದ್ದೆ ಕಣಮ್ಮ. ಈಗ ಆರಾಮಾಗಿದೀನಿ,” ಎಂದರು. ಅರ್ಧ ನಿಜವಿದ್ದೀತು. ಉಳಿದರ್ಧವನ್ನು ಅವರು ನನಗೆ ಕಾಣಗೊಡಲಿಲ್ಲ.

ನಾನು ಬಿಎಸ್ಸಿ ಮಾಡಿದೆ, ಬಿಎಡ್ ಮಾಡಿದೆ, ತೊಂಬತ್ತರ ದಶಕದ ಮೊದಲಲ್ಲಿ ಗೌರಿಬಿದನೂರಿನ ಒಂದು ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಸೇರಿದೆ. ನಾನೂ ಹಾಜರಿಯನ್ನು ಮೂಲವಸ್ತುಗಳ ಹೆಸರಲ್ಲೇ ಕರೆಯುತ್ತೇನೆ. ಕಥೆ ಹೇಳುವ ದಿನ ಮಾತ್ರ ಗುಣದಿಂದ ಶುರುಮಾಡುತ್ತೇನೆ, ಹೆಸರು ಕೊನೆಗೆ. ಗಂಟೆ ಹೊಡೆದರೂ ಮುಗಿಸದೆ ಬಿಡುವುದಿಲ್ಲ. ಪಕ್ಕದ ಪೀರಿಯಡ್ಡಿನ ಮೇಷ್ಟ್ರು ಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಳ್ಳುತ್ತಾರೆ, ನೋಡಿಕೊಳ್ಳಲಿ.

ಊರಿಗೆ ಬಂದಾಗಲೆಲ್ಲ ಚಿಂತಾಮಣಿಗೆ ಹೋಗುತ್ತಿದ್ದೆ. ಅವರಿಗೆ ರಿಟೈರಾಗಿತ್ತು. ಅವರ ಹೆಂಡತಿ ಬಾಗಿಲಲ್ಲೇ, “ರಾಮ್ಮಾ, ಕೂರ್ಚೋ” ಎಂದು ತೆಲುಗಿನಲ್ಲಿ ಒಳಗೆ ಕರೆದು ಕೂರಿಸುತ್ತಿದ್ದರು. ಮೇಷ್ಟ್ರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. “ಏನೇನು ವಾಸನೆ ಇದೆ ಇವತ್ತು?” ನಾನು ಬೀದಿಯ ತುದಿಯಿಂದ ಶುರುಮಾಡುತ್ತಿದ್ದೆ. ಗಾಣದ ಹತ್ತಿರ ಕಡಲೆಕಾಯಿ ಹಿಂಡಿ, ಮೂಲೆಯ ಮನೆಯಲ್ಲಿ ಮೆಣಸಿನಕಾಯಿ ಹುರಿಯುತ್ತಿದ್ದಾರೆ, ನಿಮ್ಮ ಬಚ್ಚಲಲ್ಲಿ ನೀಲಗಿರಿ ಸೌದೆ. ಅವರು ಕಣ್ಣು ಮುಚ್ಚಿ, ಗುಳಿಗಳನ್ನು ಒತ್ತಿಕೊಂಡು ಕೇಳುತ್ತಿದ್ದರು.

ಅವರಿಗೆ ತುಂಬ ನೋವಿದ್ದದ್ದು ಅವರೆಕಾಯಿಯ ವಿಷಯಕ್ಕೆ. ನಮ್ಮ ಸೀಮೆಯಲ್ಲಿ ಚಳಿಗಾಲ ಬಂತೆಂದರೆ ಸೊಗಡಿರುವ ಅವರೆಕಾಯಿಗೆ ಜನ ಸಂತೆಯಲ್ಲಿ ಮೂಸಿ ಮೂಸಿ ಹುಡುಕುತ್ತಾರೆ. “ಎಲ್ಲಾ ಮರ್ತಿದೀನಿ, ಆ ಸೊಗಡೊಂದು ತುದಿ ನಾಲಗೆ ಮೇಲೆ ಇರೋ ಹೆಸರಿನ ಥರ ಕಾಡುತ್ತೆ,” ಎನ್ನುತ್ತಿದ್ದರು. ಮೇಷ್ಟ್ರ ಮನೆಗೆ ಕಾಯಿ ಆರಿಸಿಕೊಂಡು ಹೋಗುವುದು ನನ್ನ ಕೆಲಸವಾಯಿತು. ಅವರು ಬಿಡಿಸುತ್ತ ಕೂರುತ್ತಿದ್ದರು, ನಾನು ಸೊಗಡು ಹೇಗಿದೆ ಎಂದು ಹೇಳುತ್ತಿದ್ದೆ.

ಅಂಥ ಒಂದು ದಿನ ಕೇಳಿದರು. “ಒಂದು ಮಾತು. ನಿಮ್ಮ ಶೆಡ್ಡಲ್ಲಿ ಅವತ್ತು ಎರಡು ಗಂಟೆ ಕೂತಿದ್ದೆ. ಅದರ ವಾಸನೆ ಹೇಗಿರುತ್ತೆ? ನಿಜ ಹೇಳಬೇಕು.”

ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಮೂಗು ಮುಚ್ಚಿಕೊಂಡವರಿದ್ದರು, ಸಹಿಸಿದವರಿದ್ದರು. ಹೇಳಲು ತುಂಬ ಹೊತ್ತು ಹಿಡಿಯಿತು. ಕೆಟ್ಟದ್ದೇ ಸರ್, ಎಂದೆ. ಬೆಂದ ಹುಳದ ಜಿಡ್ಡು ವಾಸನೆ ಮೊದಲು. ಅದರ ಕೆಳಗೆ ಒದ್ದೆ ಬಟ್ಟೆ, ಸೌದೆಯ ಬೂದಿ. ಇನ್ನೂ ಕೆಳಗೆ, ನೂಲು ಒಣಗುವಾಗ, ಮಗುವಿನ ತಲೆಯ ಥರ ಒಂದು ಸಣ್ಣ ವಾಸನೆ ಇರುತ್ತದೆ, ಅದು ಹೊರಗಿನವರ ತನಕ ಹೋಗುವುದಿಲ್ಲ. ನಮ್ಮ ಅಬ್ಬಾನ ಕೈ ಹಾಗಿರುತ್ತದೆ. ಅವರು ಬಿಡಿಸುತ್ತಿದ್ದ ಅವರೆಕಾಯಿಯನ್ನು ಕೈಯಲ್ಲೇ ಹಿಡಿದು, “ಇನ್ನೊಂದು ಸಲ ಹೇಳಮ್ಮ,” ಎಂದರು. ಹೇಳಿದೆ.

ಅವರು ಹೋದದ್ದು ತೊಂಬತ್ತರ ದಶಕ ಮುಗಿಯುತ್ತಿದ್ದಾಗ, ಅವರೆಕಾಯಿಯ ಕಾಲದಲ್ಲೇ. ನಾನು ರಜೆಗೆ ಶಿಡ್ಲಘಟ್ಟಕ್ಕೆ ಬಂದಿದ್ದೆ. ಬೆಳಿಗ್ಗೆ ಅಬ್ಬಾನ ಜೊತೆ ಮೂರನೇ ಬೇಸಿನ್ ಮುಂದೆ ಕೂತಿದ್ದಾಗ ಪಕ್ಕದ ಮನೆಗೆ ಫೋನು ಬಂತು, ಎಪ್ಪತ್ತೇಳು ಮಾಡಿದ್ದಳು. ಎದ್ದವಳು ಹಾಗೇ ಬಸ್ಸು ಹತ್ತಿದೆ. ಪಕ್ಕದ ಸೀಟಿನ ಹೆಂಗಸು ಸೆರಗು ಮೂಗಿಗೆ ಹಿಡಿದಳು. ನಾನು ಕಿಟಕಿಯ ಕಡೆ ತಿರುಗಲಿಲ್ಲ.

ಅವರನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ಕನ್ನಡಕ ತೆಗೆದಿದ್ದರಿಂದ ಮೂಗಿನ ಎರಡು ಗುಳಿಗಳು ಚೆನ್ನಾಗಿ ಕಾಣುತ್ತಿದ್ದವು. ಅವರ ಹೆಂಡತಿ ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಕೂತೆ. ಅಳುವಿಗಿಂತ ಮೊದಲು ಬಾಯಿಗೆ ಬಂದದ್ದು ಹಳೆಯ ಅಭ್ಯಾಸ. ಬಗ್ಗಿ, ಬೇರೆ ಯಾರಿಗೂ ಕೇಳಿಸದ ಹಾಗೆ ಹೇಳಿದೆ: ಸರ್, ಊದುಬತ್ತಿ ಇದೆ. ಸುಗಂಧರಾಜ ಇದೆ, ಸ್ವಲ್ಪ ಬಾಡಿದೆ. ಹಿತ್ತಲಲ್ಲಿ ಯಾರೋ ನಿನ್ನೆ ಬಿಡಿಸಿಟ್ಟ ಅವರೆಕಾಳು ಹಾಗೇ ಉಳಿದಿದೆ, ಸೊಗಡು ಇಲ್ಲಿಯ ತನಕ ಬರುತ್ತಿದೆ. ಇನ್ನೊಂದು ಇದೆ, ಶೆಡ್ಡಿನದು. ಇವತ್ತು ಅತ್ತರು ಹಚ್ಚಿಲ್ಲ ಸರ್, ಹಾಗೇ ಬಂದಿದ್ದೀನಿ.